ಬಡ ಮಣ್ಣಿಗೆ ಬೆಂಕಿಯ ಕಾವಲು



ನಿಮ್ಮ ಪತ್ರ ತಲುಪಿತು. ಕೀಟ ತಿನ್ನುವ ಗಿಡಗಳ ಮೇಲಿನ ಸಾಕ್ಷ್ಯಚಿತ್ರವೊಂದರಲ್ಲಿ, ಆ ಗಿಡಗಳನ್ನು ಕಾಯಬೇಕಾದವರೇ ಕೈಯಾರೆ ಹುಲ್ಲಿಗೆ ಬೆಂಕಿ ಇಡುವುದನ್ನು ನೋಡಿ ಸಿಟ್ಟು ಬಂತೆಂದು ಬರೆದಿದ್ದೀರಿ. ‘ಜೌಗು ನೆಲಕ್ಕೂ ಬೆಂಕಿಗೂ ಏನು ಸಂಬಂಧ? ಉಳಿಸುತ್ತೇವೆಂದು ಸುಡುವುದು ಯಾವ ನ್ಯಾಯ?’ ಎಂದು ಕೇಳಿದ್ದೀರಿ. ಸಿಟ್ಟು ಸಹಜವೇ. ಬೇಸಿಗೆ ಬಂತೆಂದರೆ ಕಾಡಿನ ಹೊಗೆಯ ಸುದ್ದಿ ಕೇಳುತ್ತ ಬೆಳೆದವರು ನಾವು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಇನ್ನೂ ನೆನಪಿನಲ್ಲಿದೆ. ಕಾಡಿಗೆ ಬೆಂಕಿ ಎಂದರೆ ನಮ್ಮ ಮಟ್ಟಿಗೆ ಒಂದೋ ಅಪರಾಧ, ಇಲ್ಲವೇ ಅನಾಹುತ. ಆದರೂ ನೀವು ನೋಡಿದ ಆ ಜಾಗದಲ್ಲಿ ಕಡ್ಡಿ ಗೀರಿದವರೇ ಸರಿ. ಅಲ್ಲಿ ಅನಾಹುತ ಆದದ್ದು ಬೆಂಕಿ ನಿಂತಾಗ. ಅದು ಹೇಗೆಂದು ಹೇಳಹೊರಟರೆ ಪತ್ರ ಉದ್ದವಾಗುತ್ತದೆ. ಮಳೆ ಹಿಡಿದ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಓದಿ.

ಮೊದಲು ಜಾಗ ಯಾವುದೆಂದು ತಿಳಿಯಲಿ. ಅಮೆರಿಕದ ಪೂರ್ವ ಕರಾವಳಿಯ ಉತ್ತರ ಕೆರೊಲಿನಾ ರಾಜ್ಯದಲ್ಲಿ ವಿಲ್ಮಿಂಗ್ಟನ್ ಎಂಬ ಬಂದರು ಪಟ್ಟಣವಿದೆ. ಅದರ ಸುತ್ತ ಸುಮಾರು 150 ಕಿಲೋಮೀಟರ್ ದೂರಕ್ಕೆ ಒಂದು ವೃತ್ತ ಎಳೆದರೆ, ವೀನಸ್ ಫ್ಲೈಟ್ರ್ಯಾಪ್ ಎಂಬ ಗಿಡದ ತವರು ಅಷ್ಟರೊಳಗೆ ಮುಗಿಯುತ್ತದೆ. ಉತ್ತರ ಕೆರೊಲಿನಾದ ಕರಾವಳಿ ಮತ್ತು ದಕ್ಷಿಣ ಕೆರೊಲಿನಾದ ಒಂದು ತುಂಡು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಅದು ತಾನಾಗಿ ಹುಟ್ಟಿ ಬೆಳೆದದ್ದಿಲ್ಲ. ಜಗತ್ತಿನ ಮೂಲೆ ಮೂಲೆಯ ಮಕ್ಕಳಿಗೂ ಚಿತ್ರ ನೋಡಿ ಗೊತ್ತಿರುವ ಗಿಡಕ್ಕೆ ಇಷ್ಟೇ ಊರು.

ಅದರ ಎಲೆಯ ತುದಿ ಎರಡು ಹೋಳಾಗಿ ತೆರೆದುಕೊಂಡಿರುತ್ತದೆ. ಒಂದೊಂದು ಹೋಳಿನ ಒಳಗೂ ಸಾಮಾನ್ಯವಾಗಿ ಮೂರು ಸೂಕ್ಷ್ಮ ರೋಮಗಳು. ಹುಳ ಒಮ್ಮೆ ರೋಮ ತಾಕಿದರೆ ಗಿಡ ಸುಮ್ಮನಿರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಇನ್ನೊಮ್ಮೆ ತಾಕಿತೋ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಎಲೆ ಮುಚ್ಚಿಕೊಳ್ಳುತ್ತದೆ. ಗಾಳಿಗೆ ಬಿದ್ದ ಕಸಕ್ಕೋ ಮಳೆಹನಿಗೋ ಸುಮ್ಮನೆ ಶಕ್ತಿ ಕಳೆದುಕೊಳ್ಳಬಾರದಲ್ಲ! ಒಳಗೆ ಸಿಕ್ಕಿದ ಹುಳ ಒದ್ದಾಡುವಾಗ ಆಗುವ ಸ್ಪರ್ಶಗಳನ್ನೂ ಅದು ಲೆಕ್ಕ ಇಡುತ್ತದೆಂದು ಜರ್ಮನಿಯ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಲೆಕ್ಕ ಐದರ ಆಸುಪಾಸಿಗೆ ಬಂದ ಮೇಲೆಯೇ ಜೀರ್ಣರಸದ ತಯಾರಿ ಜೋರಾಗುವುದು.

ಈ ಚಮತ್ಕಾರ ನೋಡಿದವರೆಲ್ಲ ಮರುಳಾದರು. ಉತ್ತರ ಕೆರೊಲಿನಾದ ಗವರ್ನರ್ ಆಗಿದ್ದ ಆರ್ಥರ್ ಡಾಬ್ಸ್ 1759ರಲ್ಲಿ ಲಂಡನ್ನಿನ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಈ ಗಿಡದ ಪ್ರಸ್ತಾಪವಿದೆ. ನಿಸರ್ಗಶಾಸ್ತ್ರಜ್ಞ ಜಾನ್ ಎಲ್ಲಿಸ್ ಅದಕ್ಕೆ ಡಯೊನಿಯಾ ಮಸಿಪ್ಯುಲಾ ಎಂದು ಹೆಸರಿಟ್ಟು, ಇದು ಕೀಟವನ್ನು ಆಹಾರಕ್ಕಾಗಿಯೇ ಹಿಡಿಯುತ್ತದೆಂದು ವಾದಿಸಿ ಸಸ್ಯವಿಜ್ಞಾನಿ ಲಿನೇಯಸ್‌ಗೆ ಬರೆದ. ಗಿಡ ಪ್ರಾಣಿಯನ್ನು ತಿನ್ನುವುದೆಂದರೆ ಸೃಷ್ಟಿನಿಯಮ ತಲೆಕೆಳಗಾದಂತೆ ಎಂದು ಆ ಕಾಲದವರಿಗೆ ಅನ್ನಿಸುತ್ತಿತ್ತು, ಲಿನೇಯಸ್ ಒಪ್ಪಲಿಲ್ಲ. 1873ರಲ್ಲಿ ಶರೀರಶಾಸ್ತ್ರಜ್ಞ ಬರ್ಡನ್ ಸ್ಯಾಂಡರ್ಸನ್ ಆ ಎಲೆಯಲ್ಲಿ ವಿದ್ಯುತ್ ಸಂಕೇತ ಹರಿಯುವುದನ್ನು ಅಳೆದು ತೋರಿಸಿದರು. 1875ರಲ್ಲಿ ಡಾರ್ವಿನ್ ಕೀಟಾಹಾರಿ ಗಿಡಗಳ ಮೇಲೆ ಇಡೀ ಪುಸ್ತಕವನ್ನೇ ಬರೆದರು. ನೂರು ವರ್ಷಕ್ಕೂ ಮಿಕ್ಕಿ ಎಲ್ಲರ ಕಣ್ಣೂ ಬಲೆಯ ಮೇಲೆ ನೆಟ್ಟಿತ್ತು. ಗಿಡ ನಿಂತ ನೆಲದತ್ತ ಬಗ್ಗಿ ನೋಡಿದವರು ಕಡಿಮೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ನೆಲದಲ್ಲಿ.

ಆ ಕರಾವಳಿ ಬಯಲು ಒಂದು ಕಾಲಕ್ಕೆ ಸಮುದ್ರದ ತಳ. ಮೇಲೆ ಮರಳು, ಕೆಳಗೆ ನೀರು ಇಳಿಯಗೊಡದ ಜೇಡಿಯ ಪದರ ಅಥವಾ ಗಟ್ಟಿಕಟ್ಟಿದ ಮಣ್ಣು. ಸುರಿದ ಮಳೆ ಮರಳಿನಲ್ಲಿ ಸರಸರನೆ ಇಳಿದು, ಜೇಡಿಯ ಮೇಲೆ ನಿಂತು, ನೆಲವನ್ನು ವರ್ಷದ ಬಹುಪಾಲು ತೇವವಾಗಿಯೇ ಇಡುತ್ತದೆ. ಇನ್ನೂ ದಕ್ಷಿಣಕ್ಕೆ, ಮೆಕ್ಸಿಕೋ ಕೊಲ್ಲಿಯ ದಂಡೆಯ ಅಲಬಾಮಾ, ಫ್ಲಾರಿಡಾ ರಾಜ್ಯಗಳಲ್ಲಿ ಇಳಿಜಾರಿನ ಮೇಲೂ ಜೌಗು ಇದೆ ಎಂದರೆ ನಂಬುತ್ತೀರಾ? ಗುಡ್ಡದ ನೆತ್ತಿಯಲ್ಲಿ ಇಂಗಿದ ನೀರು ಜೇಡಿಗೆ ತಡೆದು, ಅಡ್ಡಕ್ಕೆ ಹರಿದು, ಪಕ್ಕೆಯಲ್ಲಿ ಒರತೆಯಾಗಿ ಜಿನುಗುತ್ತದೆ. ಆ ಒರತೆಯ ಜಾಗದಲ್ಲಿ ಸಾರಸೀನಿಯಾ ಎಂಬ ಹೂಜಿ ಗಿಡಗಳು ಸಾವಿರಗಟ್ಟಲೆ ಎದ್ದು ನಿಂತಿರುತ್ತವೆ. ಉದ್ದನೆಯ ಕೊಳವೆಯಂಥ ಎಲೆ, ಬಿಳಿ ನೆತ್ತಿಯ ಮೇಲೆ ಕೆಂಪು ನರಗಳು. ಜೇನಿನ ಆಸೆಗೆ ಬಂದ ಹುಳ ಜಾರಿ ಒಳಕ್ಕೆ ಬಿದ್ದರೆ ಮುಗಿಯಿತು.

ನೀರಿದೆ, ಬಿಸಿಲಿದೆ. ಇಲ್ಲದ್ದು ಸಾರ. ಸಾವಿರಾರು ವರ್ಷ ಮಳೆ ತೊಳೆದ ಮರಳಿನಲ್ಲಿ ಸಾರಜನಕವೂ ರಂಜಕವೂ ಹೆಸರಿಗಷ್ಟೇ. ಮಣ್ಣು ಹುಳಿ. ನೀರು ನಿಂತ ಹುಳಿಮಣ್ಣಿನಲ್ಲಿ ಸತ್ತ ಎಲೆ ಬೇಗ ಕೊಳೆತು ಗೊಬ್ಬರವಾಗುವುದೂ ಇಲ್ಲ. ಬೇರಿನಿಂದ ಸಿಗದ ಸಾರಜನಕವನ್ನು ಹಾರಾಡುವ, ಹರಿದಾಡುವ ಹುಳಗಳಿಂದ ಪಡೆಯುವ ಉಪಾಯವನ್ನು ಕೀಟಾಹಾರಿ ಗಿಡಗಳು ಕಂಡುಕೊಂಡದ್ದು ಇಂಥಲ್ಲಿ. ಹೊಟ್ಟೆ ತುಂಬಲೆಂದು ಅವು ಹುಳ ತಿನ್ನುವುದಿಲ್ಲ. ಅವುಗಳ ಅನ್ನ ಎಲ್ಲ ಗಿಡಗಳಂತೆ ಬಿಸಿಲಿನಿಂದಲೇ. ಹುಳ ಅವಕ್ಕೆ ಗೊಬ್ಬರ, ಅಷ್ಟೆ.

ಈ ಉಪಾಯ ಪುಕ್ಕಟೆ ಬರುವುದಿಲ್ಲ. ನಿಮ್ಮೂರಿನ ಮೀನುಗಾರರನ್ನು ಕೇಳಿ ನೋಡಿ: ಬಲೆಗೆ ಹಾಕಿದ ದುಡ್ಡು ಮೀನಿನಿಂದ ಹುಟ್ಟಿದರೆ ಸರಿ, ಇಲ್ಲದಿದ್ದರೆ ಬಲೆಯೇ ಸಾಲ. ಗಿಡದ್ದೂ ಅದೇ ಲೆಕ್ಕ. ಬಲೆಯಾದ ಎಲೆ ಚಪ್ಪಟೆ ಎಲೆಯಷ್ಟು ಬಿಸಿಲನ್ನು ದುಡಿಸಿಕೊಳ್ಳಲಾರದು. ಮೇಲಿಂದ ಜೇನು, ಅಂಟು, ಜೀರ್ಣರಸದ ಖರ್ಚು. ಅಮೆರಿಕದ ಥಾಮಸ್ ಗಿವ್ನಿಶ್ ಮತ್ತು ಸಂಗಡಿಗರು 1984ರಲ್ಲಿ ಈ ಲೆಕ್ಕವನ್ನು ಮಂಡಿಸಿದರು. ಬಿಸಿಲು ಧಾರಾಳ, ನೀರು ಧಾರಾಳ, ಮಣ್ಣು ಮಾತ್ರ ಬಡ. ಈ ಮೂರೂ ಒಟ್ಟಿಗೆ ಕೂಡಿಬಂದಲ್ಲಿ ಮಾತ್ರ ಬಲೆ ಕಟ್ಟಿದ ಗಿಡಕ್ಕೆ ಲಾಭ. ಬಿಸಿಲು ಕಡಿಮೆಯಾದರೆ ಹುಳದಿಂದ ಬಂದ ಸಾರಜನಕವನ್ನು ದುಡಿಸುವುದಕ್ಕೇ ಆಗುವುದಿಲ್ಲ. ಮಣ್ಣು ಫಲವತ್ತಾದರೆ ಬಲೆ ಇಲ್ಲದ ಅಕ್ಕಪಕ್ಕದ ಗಿಡಗಳು ಮೊಣಕಾಲೆತ್ತರ, ಸೊಂಟದೆತ್ತರ ಬೆಳೆದು ಇವನ್ನು ಮುಚ್ಚಿಹಾಕುತ್ತವೆ.

ಗಿಡ ಸ್ವತಃ ಈ ಲೆಕ್ಕವನ್ನು ಬಲ್ಲದು. ಆರನ್ ಎಲಿಸನ್ ಮತ್ತು ನಿಕೊಲಸ್ ಗೊಟೆಲಿ ಎಂಬ ವಿಜ್ಞಾನಿಗಳು ಉತ್ತರದ ಜೌಗುಗಳಲ್ಲಿ ಬೆಳೆಯುವ ನೇರಳೆ ಹೂಜಿ ಗಿಡಕ್ಕೆ ಸಾರಜನಕ ಉಣಿಸಿ ನೋಡಿದರು. ಗೊಬ್ಬರ ಹೆಚ್ಚಿದಂತೆ ಗಿಡ ಹೂಜಿಯ ಬಾಯಿ ಕಿರಿದು ಮಾಡುತ್ತ ಹೋಗಿ, ಕೊನೆಗೆ ಹೂಜಿಯ ಬದಲು ಚಪ್ಪಟೆ ಎಲೆಗಳನ್ನೇ ಬಿಟ್ಟಿತು. 2002ರಲ್ಲಿ ಅದು ಪ್ರಕಟವಾಯಿತು. ಸುಲಭದ ಸಂಬಳ ಸಿಕ್ಕಿದ ಕೂಡಲೇ ಬೇಟೆ ಬಿಟ್ಟುಬಿಟ್ಟಿತು ನೋಡಿ.

ನೀವು ತರಿಸಿದ ಫ್ಲೈಟ್ರ್ಯಾಪ್ ಕುಂಡದಲ್ಲಿ ಕಪ್ಪಾಗುತ್ತಿರುವ ಕತೆಯೂ ಇದಕ್ಕೇ ಸೇರಿದ್ದು. ಎರೆಗೊಬ್ಬರ ಹಾಕಿದೆ, ಬಾವಿ ನೀರು ಕೊಟ್ಟೆ, ನೆರಳಿನಲ್ಲಿ ಇಟ್ಟೆ ಎಂದಿದ್ದೀರಿ. ತುಳಸಿಗೋ ಮಲ್ಲಿಗೆಗೋ ಹಾಕಿದ್ದರೆ ಅವು ಹರಸುತ್ತಿದ್ದವು. ಇದಕ್ಕೆ ಮಳೆನೀರನ್ನೇ ಹಿಡಿದಿಟ್ಟು ಹಾಕಿ. ಇಲ್ಲದಿದ್ದರೆ ಆರ್‌ಒ ನೀರು ಆದೀತು. ಲವಣದ ನೀರು ಬೇಡ. ಎರೆಗೊಬ್ಬರದ ಮಣ್ಣು ಕೊಡವಿ, ಪೀಟ್ ಪಾಚಿಗೆ ತೊಳೆದ ಮರಳು ಬೆರೆಸಿ ನೆಡಿ. ತೆಂಗಿನ ನಾರಿನ ಪುಡಿ ಹಾಕುವುದಾದರೆ ಉಪ್ಪು ಹೋಗುವ ತನಕ ಚೆನ್ನಾಗಿ ತೊಳೆದಿರಬೇಕು. ಕುಂಡದಡಿ ತಟ್ಟೆಯಲ್ಲಿ ನೀರಿರಲಿ, ತಲೆಯ ಮೇಲೆ ಬಿಸಿಲಿರಲಿ. ಮಕ್ಕಳು ಮೋಜಿಗೆ ಎಲೆ ಮುಟ್ಟಿ ಮುಚ್ಚಿಸದ ಹಾಗೆ ನೋಡಿಕೊಳ್ಳಿ. ಒಂದೊಂದು ಬಲೆಗೂ ಮುಚ್ಚಿ ತೆರೆಯುವ ಸರದಿ ಕೆಲವೇ. ಆದರೆ ಅದರ ತವರಿನಲ್ಲಿ ಚಳಿಗಾಲವಿದೆ, ಆ ತಿಂಗಳುಗಳಲ್ಲಿ ಅದು ಮಲಗುತ್ತದೆ. ನಿಮ್ಮ ಕರಾವಳಿಯ ಸೆಕೆಯಲ್ಲಿ ಆ ನಿದ್ದೆ ಸಿಗುವುದಿಲ್ಲ. ಇಷ್ಟೆಲ್ಲ ಮಾಡಿಯೂ ಅದು ಹೋದರೆ ನಿಮ್ಮ ಕೈಗುಣ ಹಳಿದುಕೊಳ್ಳಬೇಡಿ.

ಈಗ ಬೆಂಕಿಯ ವಿಷಯಕ್ಕೆ ಬರೋಣ.

ಬಡ ಮಣ್ಣೊಂದೇ ಈ ಗಿಡಗಳನ್ನು ಕಾಯಲಾರದು. ಬಡತನಕ್ಕೆ ಒಗ್ಗಿದ ಗಟ್ಟಿ ಪೊದೆಗಳೂ ಅಲ್ಲಿವೆ. ಅವು ನಿಧಾನಕ್ಕೆ ಬರುತ್ತವೆ, ಬಂದಮೇಲೆ ಬಿಡುವುದಿಲ್ಲ. ಮೂರು ನಾಲ್ಕು ವರ್ಷ ಸುಮ್ಮನೆ ಬಿಟ್ಟರೆ ಪೊದೆ ಎದ್ದು ನಿಲ್ಲುತ್ತದೆ. ಹತ್ತು ಹದಿನೈದು ವರ್ಷ ಬಿಟ್ಟರೆ ಒಳಗೆ ಕಾಲಿಡಲಾಗದಷ್ಟು ದಟ್ಟಣೆ. ನೆರಳು ಬಿದ್ದು ಬಿಸಿಲು ಹೋಯಿತು. ಪೊದೆ ಮತ್ತು ಮರಗಳ ಬೇರು ಹಗಲೆಲ್ಲ ನೀರು ಹೀರಿ ಎಲೆಯಿಂದ ಆವಿ ಮಾಡಿ ಬಿಡುವುದರಿಂದ ಜೌಗೂ ಒಣಗತೊಡಗಿತು. ಉದುರಿದ ಎಲೆ ಪದರ ಪದರವಾಗಿ ಬಿದ್ದು ನೆಲ ಮುಚ್ಚಿತು. ಫ್ಲೈಟ್ರ್ಯಾಪಿನ ಬೀಜ ಕರಿ ಸಾಸಿವೆಗಿಂತ ಸಣ್ಣದು. ಅದಕ್ಕೆ ಬೇಕಾದದ್ದು ತೆರೆದ, ತೇವದ ಬರಿಯ ಮಣ್ಣು. ಬೀಜ ಬಿದ್ದರೂ ಮೊಳೆಯಲು ಜಾಗವಿಲ್ಲ. ಯಾರೂ ಒಂದು ಗಿಡ ಕಿತ್ತಿಲ್ಲ, ಒಂದು ಕೊಡಲಿ ಏಟು ಬಿದ್ದಿಲ್ಲ. ಆದರೂ ಜೌಗು ಸತ್ತಿತು.

ಇದನ್ನು ತಡೆದು ನಿಲ್ಲಿಸಿದ್ದು ಬೆಂಕಿ. ಬೇಸಿಗೆಯ ಹೊಸಿಲಲ್ಲಿ ಗುಡುಗು ಮಿಂಚು ಹೆಚ್ಚಾಗಿರುವ ಸೀಮೆ ಅದು. ಒಣಹುಲ್ಲಿಗೆ ಸಿಡಿಲು ಬಡಿದರೆ ಕಿಡಿ ಹತ್ತುತ್ತಿತ್ತು. ಅಲ್ಲಿನ ಮೂಲನಿವಾಸಿಗಳೂ ಬೇಟೆಗಾಗಿ, ದಾರಿಗಾಗಿ, ಹೊಸ ಹುಲ್ಲಿಗಾಗಿ ಸಾವಿರಾರು ವರ್ಷ ಬೆಂಕಿ ಹಾಕಿಕೊಂಡು ಬಂದವರು. ಕೆಲವು ವರ್ಷಕ್ಕೊಮ್ಮೆ, ಬಹಳ ಕಡೆ ಎರಡು ಮೂರು ವರ್ಷಕ್ಕೇ, ಮೊಣಕಾಲೆತ್ತರದ ಉರಿಯೊಂದು ಹುಲ್ಲಿನ ಮೇಲೆ ಹರಿದು ಹೋಗುತ್ತಿತ್ತು. ಪೊದೆ ತಲೆಯೆತ್ತುವಷ್ಟರಲ್ಲಿ ಸುಟ್ಟು ನೆಲಮಟ್ಟವಾಗುತ್ತಿತ್ತು.

ಹೂಜಿ ಗಿಡವೂ ಸುಡುವುದಿಲ್ಲವೇ ಎಂದು ನೀವು ಕೇಳುತ್ತೀರಿ. ಸುಡುತ್ತದೆ, ಆದರೆ ಎಲೆ ಮಾತ್ರ. ಅದರ ಜೀವ ಇರುವುದು ನೆಲದಡಿಯ ಗೆಡ್ಡೆಯಲ್ಲಿ. ಹಸಿ ಮಣ್ಣಿಗೆ ಬಿಸಿ ಇಳಿಯುವುದು ಬಹಳ ಕಡಿಮೆ. ಮೇಲೆ ಹುಲ್ಲು ಧಗಧಗಿಸಿದರೂ ಕೆಲವು ಅಂಗುಲ ಕೆಳಗೆ ತಂಪು. ವಾರಗಳೊಳಗೆ ಕರಿನೆಲದಿಂದ ಹೊಸ ಹೂಜಿಗಳು ಎದ್ದು ಬರುತ್ತವೆ, ಈ ಬಾರಿ ಪೂರ್ತಿ ಬಿಸಿಲಿನಲ್ಲಿ. ಜೌಗು ಬೆಂಕಿಯನ್ನು ತಡೆದುಕೊಳ್ಳುವುದು ತಾನು ಜೌಗಾಗಿರುವುದರಿಂದಲೇ.

ಬೆಂಕಿ ಮಾಡುವ ಇನ್ನೊಂದು ಕೆಲಸ ಮಣ್ಣಿನೊಳಗಿನದು. ಹುಲ್ಲು, ತರಗು ಉರಿದಾಗ ಪೊಟ್ಯಾಷ್, ರಂಜಕಗಳ ಬಹುಭಾಗ ಬೂದಿಯಾಗಿ ನೆಲಕ್ಕೇ ಮರಳುತ್ತದೆ. ಸಾರಜನಕ ಹಾಗಲ್ಲ, ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಹೊಗೆಯಾಗಿ ಹಾರಿಹೋಗತೊಡಗುತ್ತದೆ. ವರ್ಷಗಳಲ್ಲಿ ತರಗಾಗಿ ಕೂಡಿಟ್ಟದ್ದು ಒಂದು ಮಧ್ಯಾಹ್ನದಲ್ಲಿ ಆಕಾಶದ ಪಾಲು. ಬೇರೆ ಬೆಳೆಯಾಗಿದ್ದರೆ ನಷ್ಟವೆನ್ನುತ್ತಿದ್ದೆವು. ಇಲ್ಲಿ ಅದೇ ಲಾಭ. ಮಣ್ಣು ಸಿರಿವಂತವಾಗದ ಹಾಗೆ ಬೆಂಕಿ ಕಾಯುತ್ತದೆ, ಮಣ್ಣು ಬಡವಾಗಿರುವ ತನಕ ಹುಳ ಹಿಡಿಯಬಲ್ಲ ಗಿಡಕ್ಕೆ ಅಲ್ಲಿ ಎದುರಾಳಿಗಳು ಕಡಿಮೆ. ಈ ಪತ್ರದಲ್ಲಿ ನಾನು ಹೇಳಬೇಕಾದದ್ದನ್ನೆಲ್ಲ ಒಂದೇ ಸಾಲಿನಲ್ಲಿ ಹೇಳು ಎಂದರೆ ಇದನ್ನೇ ಹೇಳುತ್ತೇನೆ.

ಆ ಬಯಲಿನ ಮರವೂ ಬೆಂಕಿಯ ಒಕ್ಕಲೇ. ಲಾಂಗ್‌ಲೀಫ್ ಪೈನ್ ಎಂದು ಅದರ ಹೆಸರು. ಸಸಿ ಮೊಳೆತ ಮೇಲೆ ಹಲವು ವರ್ಷ ಅದು ಮರದ ಹಾಗೆ ಕಾಣುವುದೇ ಇಲ್ಲ. ಹುಲ್ಲಿನ ಬುಡದಂತೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಉದ್ದುದ್ದ ಸೂಜಿ ಎಲೆಗಳ ಕಂತೆ ನಡುವಿನ ಮೊಗ್ಗನ್ನು ಮುಚ್ಚಿರುತ್ತದೆ. ಬೆಂಕಿ ಹಾದುಹೋದರೆ ಎಲೆ ಸುಡುತ್ತದೆ, ಮೊಗ್ಗು ಉಳಿಯುತ್ತದೆ. ಅಷ್ಟು ಕಾಲವೂ ಬೇರು ಆಳಕ್ಕೆ ಇಳಿಯುತ್ತಿರುತ್ತದೆ. ಒಂದು ವರ್ಷ ಇದ್ದಕ್ಕಿದ್ದಂತೆ ಕಾಂಡ ಮೇಲಕ್ಕೆ ಚಿಮ್ಮುತ್ತದೆ. ಉರಿಯ ನಾಲಗೆಗೆ ಸಿಕ್ಕುವ ಎತ್ತರವನ್ನು ಬೇಗ ದಾಟಿ ಬಿಡುವುದೇ ಅದರ ಜಾಣತನ. ಬಲಿತ ಮರದ ದಪ್ಪ ತೊಗಟೆಗೆ ಸಣ್ಣ ಬೆಂಕಿ ಲೆಕ್ಕವಿಲ್ಲ, ಉದುರಿಸಿದ ಒಣ ಸೂಜಿಗಳು ಮುಂದಿನ ಬೆಂಕಿಗೆ ಸೌದೆ. ಕೆಳಗೆ ಹಾಸಿಕೊಂಡಿರುವ ವೈರ್‌ಗ್ರಾಸ್ ಎಂಬ ಹುಲ್ಲಿನ ರೀತಿ ಇನ್ನೂ ವಿಚಿತ್ರ. ಚಳಿಗಾಲದಲ್ಲಿ ಸುಟ್ಟರೆ ಅದು ಚಿಗುರುತ್ತದೆಯೇ ಹೊರತು ಹೂ ಬಿಡುವುದು ಅಪರೂಪ. ಬೇಸಿಗೆಯ ಮೊದಲಲ್ಲಿ, ಸಿಡಿಲಿನ ಕಾಲದಲ್ಲಿ ಸುಟ್ಟರೆ ಬಯಲೆಲ್ಲ ತೆನೆ. ವಿಲ್ಮಿಂಗ್ಟನ್ ಸಮೀಪದ ಗ್ರೀನ್ ಸ್ವಾಂಪ್ ಎಂಬಲ್ಲಿ, ಆಗಾಗ ಬೆಂಕಿ ಕಂಡ ಬಯಲಿನ ಒಂದೇ ಚದರ ಮೀಟರಿನಲ್ಲಿ 40ಕ್ಕೂ ಮಿಕ್ಕಿ ಬಗೆಯ ಗಿಡಗಳನ್ನು ಸಸ್ಯವಿಜ್ಞಾನಿಗಳು ಎಣಿಸಿದ್ದಾರೆ. ನಾವು ಬಡ ಎನ್ನುವ ಮಣ್ಣಿನ ಸಿರಿ ಅದು.

ಯುರೋಪಿನವರು ಬಂದಾಗ ಈ ಪೈನ್ ಬಯಲು ವರ್ಜೀನಿಯಾದಿಂದ ಟೆಕ್ಸಸ್‌ವರೆಗೆ ಸುಮಾರು 3 ಕೋಟಿ 60 ಲಕ್ಷ ಹೆಕ್ಟೇರ್ ಇತ್ತು. ನಮ್ಮ ಕರ್ನಾಟಕದ ಹತ್ತಿರಹತ್ತಿರ ಎರಡರಷ್ಟು. ಹಡಗಿಗೆ ಬಳಿಯುವ ಡಾಂಬರು, ಟರ್ಪೆಂಟೈನ್, ಮನೆಯ ತೊಲೆ, ರೈಲು ಹಳಿಯ ಅಡಿಮರ ಎಂದು ಮರ ಕಡಿದರು. ಕಡಿದ ಜಾಗದಲ್ಲಿ ಬೇಗ ಬೆಳೆಯುವ ಬೇರೆ ಜಾತಿಯ ಪೈನ್ ನೆಡುತೋಪುಗಳು ಎದ್ದವು, ನೀರು ಬಸಿಯಲು ಕಾಲುವೆ ತೋಡಿದರು. ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ ಉಳಿದದ್ದು ನೂರರಲ್ಲಿ ಮೂರು ನಾಲ್ಕು ಪಾಲು.

ಕಡಿದವರ ಕತೆ ಎಲ್ಲ ಕಡೆಯೂ ಒಂದೇ. ಕಾಯಹೊರಟವರ ಕತೆಯೇ ಇಲ್ಲಿ ವಿಶೇಷ. ಬೆಂಕಿ ಎಂದರೆ ಮರದ ಶತ್ರು ಎಂದು ನಂಬಿದ್ದ ಅರಣ್ಯಪ್ರೇಮಿಗಳು 1928ರಿಂದ ಮೂರು ವರ್ಷ ಟ್ರಕ್ಕುಗಳಲ್ಲಿ ಸಿನಿಮಾ ಯಂತ್ರ ಹೇರಿಕೊಂಡು ದಕ್ಷಿಣದ ಹಳ್ಳಿ ಹಳ್ಳಿ ತಿರುಗಿದರು. ಹುಲ್ಲಿಗೆ ಬೆಂಕಿ ಹಾಕುವುದು ಅಜ್ಞಾನ, ಕೆಟ್ಟ ಅಭ್ಯಾಸ ಎಂದು ರೈತರಿಗೂ ಶಾಲೆಯ ಮಕ್ಕಳಿಗೂ ಬೋಧಿಸಿದರು. 1944ರಲ್ಲಿ ಸ್ಮೋಕಿ ಎಂಬ ಕರಡಿಯ ಚಿತ್ರ ಬಂತು. ಕಾಡ್ಗಿಚ್ಚು ತಡೆಯಿರಿ ಎನ್ನುವ ಆ ಕರಡಿ ಅಮೆರಿಕದ ಮನೆಮಾತಾಯಿತು. ಇವರಲ್ಲಿ ಯಾರೂ ದುಷ್ಟರಲ್ಲ. ಕಡಿದ ಕಾಡಿನ ಸೌದೆಕಸಕ್ಕೆ ಹತ್ತಿದ ಭಾರೀ ಬೆಂಕಿಗಳನ್ನು ಕಂಡು ಹೆದರಿದ್ದವರು. ಎಲ್ಲ ಬೆಂಕಿಯೂ ಒಂದೇ ಎಂದುಕೊಂಡಲ್ಲಿ ದಾರಿ ತಪ್ಪಿತು.

ಎದುರು ಮಾತಾಡಿದವರು ಸಿಕ್ಕಿದ್ದು ಅನಿರೀಕ್ಷಿತ ಜಾಗದಿಂದ. ಜಾರ್ಜಿಯಾ–ಫ್ಲಾರಿಡಾ ಗಡಿಯ ದೊಡ್ಡ ಜಮೀನ್ದಾರರಿಗೆ ಬಾಬ್‌ವೈಟ್ ಎಂಬ ಲಾವಕ್ಕಿಯ ಬೇಟೆಯ ಹುಚ್ಚು. ಹಕ್ಕಿ ಕಡಿಮೆಯಾಗುತ್ತಿದೆ, ಏಕೆಂದು ನೋಡಿ ಎಂದು ಹರ್ಬರ್ಟ್ ಸ್ಟಾಡರ್ಡ್ ಎಂಬವರಿಗೆ ಕೆಲಸ ವಹಿಸಲಾಯಿತು. 1931ರ ಪುಸ್ತಕದಲ್ಲಿ ಸ್ಟಾಡರ್ಡ್ ಬರೆದದ್ದರ ತಿರುಳು: ಬೆಂಕಿ ನಿಂತಿದೆ, ಪೊದೆ ಮುಚ್ಚಿದೆ, ಹಕ್ಕಿಗೆ ನೆಲೆಯಿಲ್ಲ. ಅರಣ್ಯ ಇಲಾಖೆಯವರಿಗೆ ಅದು ಅಪಥ್ಯವಾಯಿತು. ಸ್ಟಾಡರ್ಡ್ ಮತ್ತು ಜೊತೆಗಾರರು 1958ರಲ್ಲಿ ಟಾಲ್ ಟಿಂಬರ್ಸ್ ಎಂಬ ಸಂಶೋಧನಾ ಕೇಂದ್ರ ಕಟ್ಟಿದರು, 1962ರಿಂದ ಬೆಂಕಿಯ ಪರಿಸರ ವಿಜ್ಞಾನಕ್ಕೆಂದೇ ಸಮ್ಮೇಳನಗಳು ನಡೆದವು. ಬೆಂಕಿಗೆ ಶಾಸ್ತ್ರದ ಮರ್ಯಾದೆ ಮರಳಿ ಸಿಕ್ಕಿದ್ದು ಹೀಗೆ, ಲಾವಕ್ಕಿಯ ಬೇಟೆಯ ನೆಪದಲ್ಲಿ. ಹೂಜಿ ಗಿಡಗಳಿಗೆ ಆ ಹೊತ್ತಿಗೆ ತಡವಾಗಿತ್ತು. ಆಬರ್ನ್ ವಿಶ್ವವಿದ್ಯಾಲಯದ ಜಾರ್ಜ್ ಫೋಕರ್ಟ್ಸ್ 1982ರಲ್ಲಿ, ಕೊಲ್ಲಿ ದಂಡೆಯ ಹೂಜಿ ಜೌಗುಗಳಲ್ಲಿ ನೂರಕ್ಕೆ ಸುಮಾರು 97 ಪಾಲು ಹೋಗಿವೆಯೆಂದು ಅಂದಾಜು ಮಾಡಿದರು.

ಉಳಿದ ಚೂರುಗಳಲ್ಲಿ ಈಗ ಬೆಂಕಿ ಹಾಕುತ್ತಾರೆ. ನೀವು ಪರದೆಯ ಮೇಲೆ ಕಂಡದ್ದು ಅದನ್ನೇ. ಅದು ಕಡ್ಡಿ ಗೀರಿ ಓಡುವ ಕೆಲಸವಲ್ಲ. ಗಾಳಿ ಯಾವ ಕಡೆಗೆ, ಗಾಳಿಯಲ್ಲಿ ಪಸೆ ಎಷ್ಟು, ಹೊಗೆ ಯಾವ ರಸ್ತೆಗೆ ಇಳಿದೀತು, ಸುತ್ತ ಬೆಂಕಿ ರೇಖೆ ಸರಿಯಿದೆಯೇ ಎಂದು ಎಲ್ಲ ಬರೆದಿಟ್ಟುಕೊಂಡು, ಮುಂಚೆಯೇ ಅನುಮತಿ ಪಡೆದು, ಎಣ್ಣೆ ತೊಟ್ಟಿಕ್ಕಿಸುತ್ತ ಉರಿ ಹಚ್ಚುವ ಡಬ್ಬಿ ಹಿಡಿದು ಸಾಲು ಸಾಲಾಗಿ ನಡೆಯುತ್ತಾರೆ. ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹೋಗುವ ನಿಧಾನದ ಬೆಂಕಿಯಿಂದ ಶುರು. ಫ್ಲಾರಿಡಾ ರಾಜ್ಯ 1990ರಲ್ಲಿ ಇದಕ್ಕಾಗಿಯೇ ಕಾಯ್ದೆ ಮಾಡಿ, ನಿಯಮ ಪಾಲಿಸಿ ಬೆಂಕಿ ಹಾಕುವುದು ಜಮೀನಿನವರ ಹಕ್ಕು ಎಂದಿತು. ಸೈನ್ಯದ ಜಾಗಗಳೂ ಈ ಕತೆಯಲ್ಲಿವೆ. ಉತ್ತರ ಕೆರೊಲಿನಾದ ಫೋರ್ಟ್ ಬ್ರಾಗ್ ನೆಲೆಯಲ್ಲಿ ಫಿರಂಗಿ ಅಭ್ಯಾಸದ ಬಯಲುಗಳಿಗೆ ಗುಂಡಿನ ಕಿಡಿಯಿಂದಲೇ ಆಗಾಗ ಬೆಂಕಿ ಹತ್ತುತ್ತಿತ್ತು. ಎಲ್ಲ ಕಡೆ ಬೆಂಕಿ ನಿಂತಿದ್ದ ಕಾಲದಲ್ಲೂ ಪೈನ್ ಬಯಲು ಅಲ್ಲಿ ಚೆನ್ನಾಗಿ ಉಳಿದುಕೊಂಡಿತು.

ಕಷ್ಟಗಳು ಇದ್ದೇ ಇವೆ. ವಿಲ್ಮಿಂಗ್ಟನ್ ಸುತ್ತ ಮನೆಗಳು ದಟ್ಟವಾಗುತ್ತಿವೆ. ಮನೆಯ ಬೇಲಿಯಾಚೆ ಬೆಂಕಿ ಬೇಡ ಎನ್ನುವವರು ಹೆಚ್ಚು, ಅವರನ್ನು ತಪ್ಪೆನ್ನಲೂ ಆಗದು. ಹಳೆಯ ಕಾಲದಲ್ಲಿ ಬೆಂಕಿ ತಡೆಯಲು ಯಂತ್ರದಿಂದ ಉತ್ತ ರೇಖೆಗಳು ಜೌಗಿನ ನಡುವೆ ಹಾದು ಇವತ್ತಿಗೂ ಚರಂಡಿಯಂತೆ ನೀರು ಬಸಿಯುತ್ತಿವೆ. ಇಷ್ಟರ ಮೇಲೆ ಕಳ್ಳರು: ಫ್ಲೈಟ್ರ್ಯಾಪ್ ಅಗೆದು ಮಾರುವವರ ಕಾಟ ತಡೆಯಲಾರದೆ ಉತ್ತರ ಕೆರೊಲಿನಾ 2014ರಲ್ಲಿ ಆ ಕಳವನ್ನು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿತು. ಗಿಡ ಕೊಳ್ಳುವಾಗ ಅಂಗಾಂಶ ಕೃಷಿಯಲ್ಲಿ ಬೆಳೆಸಿದ್ದೇ ಎಂದು ಕೇಳಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ನಮ್ಮ ಕಡೆಯ ಮಾತು. ಕೀಟಾಹಾರಿ ಜೌಗು ಎಂದರೆ ಎಲ್ಲ ಕಡೆಯೂ ಬೆಂಕಿ ಬೇಕೆಂದಲ್ಲ. ಬೇಕಾದದ್ದು ಬಿಸಿಲು, ನೀರು, ಬಡ ಮಣ್ಣು. ಇವನ್ನು ಕಾಯುವವರು ಊರಿಂದೂರಿಗೆ ಬೇರೆ. ಕೆನಡಾದ ಜೌಗುಗಳಲ್ಲಿ ಚಳಿಯೂ ಹುಳಿ ಪಾಚಿಯೂ ಮರಗಳನ್ನು ದೂರ ಇಡುತ್ತವೆ. ನಿಮ್ಮೂರಿನಲ್ಲಿ ಆ ಕೆಲಸ ಮಾಡುವುದು ಮುರಕಲ್ಲು. ಜೂನ್ ಕಳೆದ ಮೇಲೆ ಮನೆ ಹಿಂದಿನ ಮುರಕಲ್ಲು ಬಯಲಿಗೆ, ಆ ಪದವಿಗೆ, ಹೋಗಿ ನೋಡಿ. ಕಲ್ಲಿನ ತಗ್ಗುಗಳಲ್ಲಿ ಬೆರಳುದ್ದದ ಮಣ್ಣು, ಅದರಲ್ಲಿ ನಿಂತ ಮಳೆನೀರು. ಅಂಥಲ್ಲಿ ಕೆಂಪು ರೋಮಗಳ ತುದಿಯಲ್ಲಿ ಅಂಟಿನ ಹನಿ ಹೊತ್ತ ಡ್ರಾಸೆರಾ ಇರುತ್ತದೆ. ಪಕ್ಕದಲ್ಲೇ ಚಾಪೆ ಹಾಸಿದ ಹಾಗೆ ನೀಲಿ ನೇರಳೆಯ ಪುಟ್ಟ ಹೂಗಳಿದ್ದರೆ ಅದು ಯುಟ್ರಿಕ್ಯುಲೇರಿಯಾ. ಹೂವಿನ ಮೋರೆ ನೋಡಿ ಪಾಪದ ಗಿಡ ಎಂದುಕೊಳ್ಳಬೇಡಿ. ಕೆಸರಿನಡಿ ಅದರ ಸಣ್ಣ ಚೀಲಗಳು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ನೀರಹುಳಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಮರಕ್ಕೆ ಬೇರಿಳಿಸಲು ಕಲ್ಲು ಬಿಡುವುದಿಲ್ಲ, ಡಿಸೆಂಬರಿನ ಬಿಸಿಲು ಪೊದೆಯನ್ನು ನಿಲ್ಲಗೊಡುವುದಿಲ್ಲ. ಅಷ್ಟರಲ್ಲಿ ಇವು ಬೀಜ ಉದುರಿಸಿ ಮುಗಿಸಿರುತ್ತವೆ.

ಆದರೂ ಕೆರೊಲಿನಾದ ಪಾಠ ಇಲ್ಲಿಗೂ ಸಲ್ಲುತ್ತದೆ. ಈ ಪದವುಗಳನ್ನು ನಾವು ಬೋಳುಗುಡ್ಡೆ, ಪಾಳುಭೂಮಿ ಎಂದು ಬರೆದಿಟ್ಟೆವು. ಹಸಿರು ಮಾಡುತ್ತೇವೆಂದು ಕಲ್ಲೊಡೆದು ಗುಂಡಿ ತೋಡಿ ಅಕೇಶಿಯಾ ನೆಟ್ಟೆವು. ಅಕೇಶಿಯಾ ಬೇರಿನಲ್ಲಿ ಸಾರಜನಕ ಕೂಡಿಸುವ ಜಾತಿ. ನೆರಳು, ತರಗು, ಗೊಬ್ಬರ ಮೂರನ್ನೂ ಒಟ್ಟಿಗೆ ತರುತ್ತದೆ. ಡ್ರಾಸೆರಾದ ಮಟ್ಟಿಗೆ ಇದಕ್ಕಿಂತ ದೊಡ್ಡ ಆಪತ್ತು ಕಲ್ಲಿನ ಕೋರೆ ಮಾತ್ರ. ಗಿಡ ನೆಡುವುದು ಪುಣ್ಯ ಎನ್ನುವ ನಮ್ಮ ನಂಬಿಕೆಯೂ ಬೆಂಕಿ ಆರಿಸುವುದು ಪುಣ್ಯ ಎನ್ನುವ ಅವರ ನಂಬಿಕೆಯೂ ಒಂದೇ ಬಗೆಯವು. ನೆಲ ಯಾವುದೆಂದು ಕೇಳದೆ ಮಾಡಿದರೆ ಎರಡೂ ಕೆಡುಕು.

ಬೆಂಕಿಯ ವಿವೇಕ ನಮ್ಮಲ್ಲಿ ಇರಲೇ ಇಲ್ಲವೆಂದೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಎನ್ನುತ್ತಿದ್ದರು. ಚಳಿ ಕಳೆಯುವ ಹೊತ್ತಿಗೆ, ಕಾಡು ಪೂರ್ತಿ ಒಣಗುವ ಮುಂಚೆ, ತರಗಿಗಷ್ಟೇ ಹತ್ತಿ ಆರುವ ಸಣ್ಣ ಉರಿ ಅದು. 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು, ಬೆಂಕಿ ನಿಷೇಧವಾಯಿತು. ಆಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳ ಮೇಲೆ ಬದನಿಕೆ ಏರಿತು, ಹಾಕುತ್ತಿದ್ದ ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಸಂಶೋಧಕರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಭ್ಯಾಸ ಮಾಡಿ ಬರೆದಿದ್ದಾರೆ. ಇಷ್ಟು ಓದಿ ಯಾರಾದರೂ ಕಡ್ಡಿಪೆಟ್ಟಿಗೆ ಹಿಡಿದು ಕಾಡಿಗೆ ಹೊರಟರೆ ಅದು ನನ್ನ ಪತ್ರಕ್ಕೆ ಬಂದ ಕೆಟ್ಟ ಹೆಸರು. ಶೋಲಾ ಕಾಡಿಗೆ, ನಿತ್ಯಹರಿದ್ವರ್ಣ ಕಾಡಿಗೆ ಬೆಂಕಿ ಬಿದ್ದರೆ ಅದು ಸಾವೇ. ಲಂಟಾನ ತುಂಬಿದ ಕಾಡಿಗೆ ಮಾರ್ಚಿನಲ್ಲಿ ಬಿದ್ದ ಬೆಂಕಿಗೂ ತರಗು ಬೆಂಕಿಗೂ ಹೋಲಿಕೆಯೇ ಇಲ್ಲ.

ನಿಮಗೊಂದು ಕೆಲಸ ಹಚ್ಚಲೇ? ಮುಳಿಹುಲ್ಲು ಕೊಯ್ದು ಮನೆ ಹೊದಿಸುತ್ತಿದ್ದ ಕಾಲ ಕಂಡವರು ನಿಮ್ಮೂರಿನಲ್ಲಿ ಇನ್ನೂ ಇದ್ದಾರಲ್ಲ. ಪದವಿನ ಹುಲ್ಲಿಗೆ ಆಗ ಬೆಂಕಿ ಬೀಳುತ್ತಿತ್ತೇ, ಯಾರು ಹಾಕುತ್ತಿದ್ದರು, ದನ ಮೇಯಿಸುವುದಕ್ಕೋ ಹುಲ್ಲಿಗೋ, ನಿಂತದ್ದು ಯಾವಾಗ, ನಿಂತ ಮೇಲೆ ಯಾವ ಗಿಡ ಬಂತು, ಯಾವುದು ಹೋಯಿತು ಎಂದು ಕೇಳಿ. ಬೆಂಕಿ ಇರಲಿಲ್ಲ, ಕತ್ತಿ ಮತ್ತು ದನದ ಬಾಯಿಯೇ ಸಾಕಾಗಿತ್ತು ಎಂದು ಅವರು ಹೇಳಬಹುದು. ಅದೂ ನಮಗೆ ಬೇಕಾದ ಉತ್ತರವೇ. ಕೇಳಿದ್ದನ್ನು ಬರೆದಿಡುವಾಗ ತಿಂಗಳ ಹೆಸರು ಮಾತ್ರ ಬಿಡಬೇಡಿ. ಬೆಂಕಿಯ ವಿಷಯದಲ್ಲಿ ಹಾಕಿದರೋ ಇಲ್ಲವೋ ಎನ್ನುವುದಕ್ಕಿಂತ, ಹಾಕಿದ್ದು ಯಾವಾಗ ಎನ್ನುವುದೇ ಹೆಚ್ಚಿನ ಪ್ರಶ್ನೆ. ಉತ್ತರ ಬರೆಯಿರಿ, ಕಾಯುತ್ತಿರುತ್ತೇನೆ.



ವಿಶ್ವಾಸದ,
ನಿಮ್ಮ ಗೆಳತಿ